ವನಜ ಟಿಕೆಟು ತೆಗೆದುಕೊಂಡಿಲ್ಲ

ನನ್ನ ಸೋದರಮಾವ ಈ ಜಗತ್ತಿನಲ್ಲಿ ಯಾರನ್ನೂ ಹೊಗಳಿದವರಲ್ಲ. ಉತ್ಪ್ರೇಕ್ಷೆ ಎಂದು ನಿಮಗನ್ನಿಸಿದರೆ ಕಾರ್ಕಳಕ್ಕೆ ಹೋಗಿ ವಿಚಾರಿಸಬಹುದು. ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಅವರು ಮೂವತ್ತನಾಲ್ಕು ವರ್ಷ ಖಾಸಗಿ ಬಸ್ಸುಗಳ ಟೈಮ್‌ಕೀಪರ್ ಆಗಿದ್ದರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಪುಸ್ತಕದಲ್ಲಿ ಬರೆಯುವುದು, ಹೊರಡದಿದ್ದರೆ ಸೀಟಿ ಊದಿ ಹೊರಡಿಸುವುದು ಅವರ ಉದ್ಯೋಗ. ಸಮಯಕ್ಕೆ ಸರಿಯಾಗಿ ಬಂದ ಬಸ್ಸನ್ನು ಹೊಗಳುವ ಪದ್ಧತಿ ಅಲ್ಲಿಲ್ಲ. ಅದು ಬರಬೇಕಾದದ್ದು, ಬಂತು, ಅಷ್ಟೇ. ತಡವಾದರೆ ಮಾತ್ರ ಮಾತು. ಈ ನಿಯಮವನ್ನು ಮಾವ ಬಸ್ಸುಗಳಿಗೆ ಸೀಮಿತಗೊಳಿಸದೆ ಮನುಷ್ಯರಿಗೂ ಅನ್ವಯಿಸಿದ್ದರಿಂದ ನಮ್ಮ ಕುಟುಂಬದಲ್ಲಿ ಎಲ್ಲರೂ ಅವರಿಗೆ ಸ್ವಲ್ಪ ಹೆದರುತ್ತೇವೆ.

ನನ್ನ ಮದುವೆಯ ದಿನ ಧಾರೆ ಮುಗಿದ ಮೇಲೆ ಬಂದವರೆಲ್ಲ ಅಕ್ಷತೆ ಹಾಕಿ ನೂರು ವರ್ಷ ಸುಖವಾಗಿರಿ ಎಂದು ಹರಸಿದರು. ಮಾವ ಹತ್ತಿರ ಬಂದು, ಕೈಗಡಿಯಾರ ನೋಡಿ, "ಏಳು ನಿಮಿಷ ಲೇಟು" ಎಂದು ಹೇಳಿ ಊಟಕ್ಕೆ ಹೋದರು. ಇನ್ನೊಮ್ಮೆ ಕಾರ್ಕಳದಲ್ಲೇ ಒಂದು ಮಧ್ಯಾಹ್ನ ತಾಳಮದ್ದಳೆ ನಡೆಯುತ್ತಿತ್ತು. ಅರ್ಥಧಾರಿಯೊಬ್ಬರು ಭೀಷ್ಮನಾಗಿ ಅರ್ಧ ಗಂಟೆಯಿಂದ ಬಿಡದೆ ಮಾತನಾಡುತ್ತಿದ್ದರು. ಸಭೆಯ ನಡುವಿನಿಂದ ಒಂದು ದೀರ್ಘವಾದ ಸೀಟಿ ಕೇಳಿಸಿತು. ಭೀಷ್ಮ ಅಲ್ಲಿಗೇ ನಿಲ್ಲಿಸಿದ. ಎಷ್ಟೋ ಮಂದಿ ಮನಸ್ಸಿನಲ್ಲೇ ಮಾವನಿಗೆ ಕೈಮುಗಿದರಂತೆ, ಆದರೆ ಆಮೇಲೆ ಅವರನ್ನು ಯಾರೂ ತಾಳಮದ್ದಳೆಗೆ ಕರೆಯಲಿಲ್ಲ.

ಇಂಥವರ ಕೈಗೆ ನಾನು ನನ್ನ ಮೊದಲ ಕಾದಂಬರಿಯನ್ನು ಕೊಟ್ಟೆ. ಯಾವ ಬುದ್ಧಿವಂತೆ ಹೀಗೆ ಮಾಡುತ್ತಾಳೆ ಎಂದು ನೀವು ಕೇಳಬಹುದು. ಬುದ್ಧಿವಂತೆಯಾಗಿದ್ದರೆ ಕಾದಂಬರಿಯನ್ನೇ ಬರೆಯುತ್ತಿರಲಿಲ್ಲವಲ್ಲ.

ನಾನು ಉಡುಪಿಯ ಒಂದು ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿನ ಹಲಗೆಯ ಅಕ್ಷರ ಓದಿಸುವುದು, ಮಸೂರ ಬದಲಿಸಿ ಬದಲಿಸಿ "ಈಗ ಕಾಣ್ತದಾ, ಈಗ?" ಎಂದು ಕೇಳುವುದು ನನ್ನ ದಿನಚರಿ. ಜನರಿಗೆ ಅಕ್ಷರ ಕಾಣಿಸುವಂತೆ ಇಷ್ಟು ವರ್ಷ ಮಾಡಿದ ಮೇಲೆ, ಅವರಿಗೆ ಓದಲು ಏನಾದರೂ ಕೊಡುವುದೂ ನನ್ನ ಕರ್ತವ್ಯವೇ ಎಂದು ಒಂದು ದಿನ ಹೊಳೆಯಿತು. ಹಾಗೆ ಹೊಳೆದ ದಿನವೇ ಯಾರಾದರೂ ನನ್ನ ಕಣ್ಣು ಪರೀಕ್ಷಿಸಿದ್ದರೆ ಚೆನ್ನಾಗಿತ್ತು. ನಾಲ್ಕು ವರ್ಷ ಬರೆದೆ. ಇಪ್ಪತ್ತೆರಡು ಅಧ್ಯಾಯ, ನಾನೂರ ಹನ್ನೆರಡು ಪುಟ. ಹೆಸರು 'ನೀಲಾಂತರಂಗದ ನಿನಾದ'. ಈ ಹೆಸರಿನ ಅರ್ಥವೇನೆಂದು ನನ್ನನ್ನು ಕೇಳಬೇಡಿ. ಬರೆಯುವಾಗ ನನಗೆ ಗೊತ್ತಿತ್ತು.

ಕಥೆ ಸರಳವಾದದ್ದು. ಕಾಪುವಿನ ಮೀನುಗಾರರ ಮನೆಯ ವನಜ ಎಂಬ ಹುಡುಗಿ ಕಾರ್ಕಳಕ್ಕೆ ಮದುವೆಯಾಗಿ ಹೋಗುತ್ತಾಳೆ. ಗಂಡ ಒಂದು ದಿನ ಹೇಳದೆ ಕೇಳದೆ ಊರು ಬಿಟ್ಟು ಹೋಗುತ್ತಾನೆ. ವನಜ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿ ತವರಿಗೆ ಮರಳುತ್ತಾಳೆ, ಮೀನು ಮಾರಿ ಮಗಳನ್ನು ಓದಿಸುತ್ತಾಳೆ, ಕೊನೆಗೆ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ತೀರಿಕೊಳ್ಳುತ್ತಾಳೆ. ಇದು ನನ್ನ ಅಮ್ಮನ ಕಥೆಯೇ. ಓದಿದವರಿಗೆ ಗೊತ್ತಾಗಬಾರದೆಂದು ಹೆಸರು ಬದಲಿಸಿ, ಅವಳಿಗೆ ವೀಣೆ ಕಲಿಸಿ, ಅಲ್ಲಲ್ಲಿ ಸಂಸ್ಕೃತ ಪದಗಳಲ್ಲಿ ಯೋಚಿಸುವಂತೆ ಮಾಡಿದ್ದೆ. ಅಮ್ಮ ತನ್ನ ಜೀವಮಾನದಲ್ಲಿ ಮುಟ್ಟಿದ ತಂತಿಯ ವಸ್ತು ಎಂದರೆ ಬಟ್ಟೆ ಒಣಗಿಸುವ ತಂತಿ ಒಂದೇ.

ಬರೆದಾದ ಮೇಲೆ ಪ್ರಕಾಶಕರನ್ನು ಹುಡುಕಬೇಕಲ್ಲ. ಒಬ್ಬರ ಪ್ರಕಟಣೆ ಮೊಬೈಲಿಗೆ ಬಂತು. ಹೊಸಬರು ಕಾದಂಬರಿ ಕಳಿಸಬಹುದು. ಒಂದು ಪುಟದ ಸಾರಾಂಶ, ಐದು ಸಾಲಿನ ಪರಿಚಯ, ಒಂದು ಭಾವಚಿತ್ರ, ಯೂನಿಕೋಡ್ ಅಕ್ಷರದಲ್ಲಿ ಪೂರ್ತಿ ಪ್ರತಿ, ಇನ್ನೂರೈವತ್ತು ಪುಟ ಮೀರಬಾರದು. ಕಡೆಯಲ್ಲಿ, ದಯವಿಟ್ಟು ಫೋನ್ ಮಾಡಬೇಡಿ ಎಂದಿತ್ತು. ನಾನು ಫೋನ್ ಮಾಡಿದೆ.

"ಮೇಡಂ, ಫೋನ್ ಮಾಡಬೇಡಿ ಅಂತ ಹಾಕಿದ್ದೇವೆ" ಎಂದರು ಆ ಕಡೆಯವರು.

"ಅದು ಎಲ್ಲರಿಗೂ ಹೇಳಿದ್ದಾ ಅಂತ ಕೇಳ್ಲಿಕ್ಕೆ ಫೋನ್ ಮಾಡಿದ್ದು" ಎಂದೆ.

ಅವರು ಒಳ್ಳೆಯ ಮನುಷ್ಯರು. ಸಿಟ್ಟಾಗಲಿಲ್ಲ. ಒಂದೇ ಒಂದು ಸಲಹೆ ಕೊಟ್ಟರು. "ಕಳಿಸುವ ಮೊದಲು, ನಿಮ್ಮನ್ನು ಹೊಗಳದ ಒಬ್ಬರಿಗೆ ಓದೋದಕ್ಕೆ ಕೊಡಿ."

ನಾನು ಅದುವರೆಗೆ ಇಬ್ಬರಿಗೆ ಕೊಟ್ಟಿದ್ದೆ. ಅಂಗಡಿಯ ಸಹೋದ್ಯೋಗಿ ನಾನೂರ ಹನ್ನೆರಡು ಪುಟವನ್ನು ಚಹಾದ ವಿರಾಮದಲ್ಲಿ ತಿರುವಿ ಹಾಕಿ "ಸೂಪರ್ ಉಂಟಕ್ಕ" ಎಂದಿದ್ದಳು. ನಮ್ಮ ಮನೆಯವರು ದಿನಕ್ಕೆ ಎರಡು ಪುಟ ಓದಿ ಗಾಢವಾಗಿ ನಿದ್ರಿಸುತ್ತಿದ್ದರು. ಗಲ್ಫಿನಿಂದ ಬಂದಂದಿನಿಂದ ನಿದ್ದೆ ಸರಿಯಿಲ್ಲ ಎನ್ನುತ್ತಿದ್ದ ಮನುಷ್ಯ ಆ ತಿಂಗಳು ಡಾಕ್ಟರ ಬಳಿ ಹೋಗಲೇ ಇಲ್ಲ. ಹೊಗಳದವರು ಎಂದಾಗ ನನಗೆ ಕಂಡದ್ದು ಒಂದೇ ಮುಖ. ಮಾವ ಅದಕ್ಕೆ ಮೊದಲು ಓದಿದ ಅತಿ ದೊಡ್ಡ ಕೃತಿ ಬಸ್ಸುಗಳ ವೇಳಾಪಟ್ಟಿ. ಪರವಾಗಿಲ್ಲ, ಅದರಲ್ಲೂ ಪಾತ್ರಗಳು ಬಂದು ಹೋಗುತ್ತವೆ ಎಂದು ಸಮಾಧಾನ ಮಾಡಿಕೊಂಡೆ.

ನಾನು ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದೆ. ಬನ್ನಂಜೆಯ ಒಂದು ಡಿಟಿಪಿ ಅಂಗಡಿಯಲ್ಲಿ ಅದನ್ನು ಯೂನಿಕೋಡಿಗೆ ಬದಲಿಸಿ, ಪ್ರಿಂಟು ತೆಗೆದು, ಸ್ಪೈರಲ್ ಹಾಕಿಸಿ, ಒಂದು ಸಲವೂ ಬಿಡಿಸಿ ನೋಡದೆ ಕಾರ್ಕಳಕ್ಕೆ ಒಯ್ದು ಕೊಟ್ಟೆ. ನಾಲ್ಕು ವರ್ಷ ನಾನೇ ಬರೆದದ್ದನ್ನು ಇನ್ನು ನಾನೇ ಯಾಕೆ ಓದಬೇಕು? ಮಾವ ಅದನ್ನು ಕೈಯಲ್ಲಿ ತೂಗಿ ನೋಡಿ, "ಇದಕ್ಕೆ ಲಗೇಜು ಹಾಕಬೇಕು" ಎಂದರು.

ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಸರಿಯಾಗಿ ಫೋನ್ ಬಂತು. ನಾವು ಮನೆಯಲ್ಲಿ ತುಳು ಮಾತನಾಡುವವರು. ಆದರೆ ಮಾವನಿಗೆ ಕನ್ನಡವೆಂದರೆ ಬಸ್‌ಸ್ಟ್ಯಾಂಡಿನ ಮೈಕಿನ ಭಾಷೆ, ಅಧಿಕೃತ ಭಾಷೆ. ಕಾದಂಬರಿಯ ವಿಷಯವನ್ನೆಲ್ಲ ಅವರು ನನ್ನೊಡನೆ ಕನ್ನಡದಲ್ಲೇ ಮಾತನಾಡಿದರು.

"ಈ ಸೂಯರ್ ಯಾರು?"

"ಯಾವ ಸೂಯರ್ ಮಾವ?"

"ನೀನೇ ಬರೆದದ್ದಲ್ವಾ ಮಾರಾಯ್ತಿ. ಪ್ರತಿ ಅಧ್ಯಾಯದಲ್ಲೂ ಬರ್ತಾನೆ. ಬೆಳಿಗ್ಗೆ ಬರುವುದು, ವನಜನ ಮುಖ ನೋಡುವುದು, ಸಂಜೆ ಆದ ಕೂಡಲೇ ಹೋಗುವುದು. ಕೆಲಸ ಎಂತದ್ದು ಅಂತ ಎಲ್ಲಿಯೂ ಬರೆದಿಲ್ಲ. ಗಂಡ ಓಡಿಹೋದದ್ದು ಇವನ ದೆಸೆಯಿಂದಲಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಫಾಂಟು ಬದಲಿಸುವಾಗ ಅರ್ಕಾವತ್ತುಗಳೆಲ್ಲ ಜಾಗ ಬದಲಿಸಿದ್ದವು. ಸೂರ್ಯ ಸೂಯರ್ ಆಗಿದ್ದ. ಧರ್ಮ ಧಮರ್ ಆಗಿತ್ತು. ನಾನು ವಿವರಿಸಿದೆ. ಮಾವ ಎಲ್ಲ ಕೇಳಿ, "ಹಾಗಾದರೆ ಸೂರ್ಯ ಅರುವತ್ತೊಂದು ಸಲ ಬಂದಿದ್ದಾನೆ. ಕಾಪುವಿಗೆ ಅಷ್ಟು ಟ್ರಿಪ್ಪು ಯಾರಿಗೂ ಇಲ್ಲ" ಎಂದು ಫೋನ್ ಇಟ್ಟರು. ಆ ದಿನ ನಾನು ಐವತ್ತೆರಡು ಸೂರ್ಯೋದಯ ಸೂರ್ಯಾಸ್ತಗಳನ್ನು ಹೊಡೆದುಹಾಕಿದೆ. ಕಾದಂಬರಿ ಹದಿನೆಂಟು ಪುಟ ಇಳಿಯಿತು. ಕಥೆಯಲ್ಲಿ ಯಾರಿಗೂ ಕತ್ತಲಾಗಲಿಲ್ಲ.

ಮುಂದಿನ ಫೋನ್ ಬಸ್ಸಿನ ಬಗ್ಗೆ. ನನಗೆ ಗೊತ್ತಿತ್ತು, ಬಸ್ಸಿನ ಬಗ್ಗೆ ಬಂದೇ ಬರುತ್ತದೆ ಎಂದು. ನನ್ನ ಕಾದಂಬರಿಯ ಹೃದಯವೇ ಅದು: ಒಂಬತ್ತನೆಯ ಅಧ್ಯಾಯ. ಗಂಡ ಬಿಟ್ಟುಹೋದ ವನಜ ಮಗುವನ್ನು ಎತ್ತಿಕೊಂಡು ಕಾರ್ಕಳದಲ್ಲಿ ಬಸ್ಸು ಹತ್ತುತ್ತಾಳೆ. ಕಿಟಕಿಯ ಬಳಿ ಕೂತು ದಾರಿಯುದ್ದಕ್ಕೂ ಕಡಲನ್ನು ನೋಡುತ್ತ ಎಂಟು ಪುಟ ಅಳುತ್ತಾಳೆ. ಬರೆಯುವಾಗ ನಾನೂ ಅತ್ತಿದ್ದೆ. ಮನೆಯವರು ಬಂದು ಈರುಳ್ಳಿ ಹೆಚ್ಚುತ್ತಿದ್ದೀಯಾ ಎಂದು ಕೇಳಿದ್ದರು.

"ಕಾರ್ಕಳದಿಂದ ಕಾಪುವಿಗೆ ಹೋಗುವ ದಾರಿಯಲ್ಲಿ ಕಡಲು ಎಲ್ಲಿ ಉಂಟು?" ಎಂದರು ಮಾವ. "ನಿಟ್ಟೆಯಲ್ಲಿ ಉಂಟಾ? ಬೆಳ್ಮಣ್ಣಿನಲ್ಲಿ ಉಂಟಾ? ಶಿರ್ವದಲ್ಲಿ ಉಂಟಾ?"

"ಅದು ಅವಳ ಮನಸ್ಸಿನ ಕಡಲು ಮಾವ."

"ಮನಸ್ಸಿನದ್ದಾದರೆ ಕಿಟಕಿ ಎಂತಕ್ಕೆ? ಮತ್ತೆ ಇನ್ನೊಂದು. ಎಂಟು ಪುಟ ಆಯ್ತು, ವನಜ ಟಿಕೆಟು ತೆಗೆದುಕೊಂಡಿಲ್ಲ. ಕಂಡಕ್ಟರ್ ಎಲ್ಲಿ ಸತ್ತಿದ್ದಾನೆ?"

ವಾದ ಮಾಡಿ ಗೆಲ್ಲುವ ಮಾತಿರಲಿಲ್ಲ. ಬರುವ ಆದಿತ್ಯವಾರ ಕಾರ್ಕಳಕ್ಕೆ ಬರಬೇಕು, ವನಜ ಹೋದ ಹಾಗೆಯೇ ಕಾಪುವಿಗೆ ಹೋಗಿ ನೋಡಲಿಕ್ಕುಂಟು ಎಂದು ಆಜ್ಞೆಯಾಯಿತು. ಐವತ್ತೆರಡು ವರ್ಷದ ನಾನು ಎಪ್ಪತ್ತಮೂರರ ಮಾವನ ಹಿಂದೆ ಪರೀಕ್ಷೆಗೆ ಹೊರಟ ಮಗುವಿನಂತೆ ಹೋದೆ. ಬೆಳ್ಮಣ್ಣಿನವರೆಗೆ ಒಂದು ಬಸ್ಸು. ಅಲ್ಲಿ ಇಳಿದು ಶಿರ್ವದ ಮೇಲೆ ಕಾಪುವಿಗೆ ಹೋಗುವ ಇನ್ನೊಂದಕ್ಕೆ ಕಾಯಬೇಕು. ನನ್ನ ವನಜ ಎಲ್ಲಿಯೂ ಇಳಿದಿರಲಿಲ್ಲ, ಕಾದಿರಲಿಲ್ಲ. ಅಳುವ ರಭಸಕ್ಕೆ ನೇರವಾಗಿ ಹೋಗಿ ಕಾಪು ತಲುಪಿದ್ದಳು.

ಬೆಳ್ಮಣ್ಣಿನಲ್ಲಿ ನಾವು ಹತ್ತಿದ ಬಸ್ಸಿಗೆ ಒಬ್ಬಳು ಹೆಂಗಸು ಹತ್ತಿದಳು. ಹೆಗಲ ಮೇಲೆ ಮಲಗಿದ ಮಗು, ಮೊಣಕೈಯಲ್ಲಿ ಚೀಲ. ಸೀಟು ಇರಲಿಲ್ಲ. ಮುಖದಲ್ಲಿ ಏನೋ ಬೇಸರ ಇತ್ತು, ಮನೆಯಲ್ಲಿ ಏನಾಗಿತ್ತೋ. ತಿರುವಿನಲ್ಲಿ ಬಸ್ಸು ವಾಲಿದಾಗ ಅವಳು ಮಗುವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡು, ಮೇಲಿನ ಸರಳನ್ನು ಇನ್ನೊಂದು ಕೈಯಲ್ಲಿ ಹಿಡಿದಳು. ನಾನು ಎದ್ದು ಸೀಟು ಕೊಟ್ಟೆ. ಆಮೇಲೆ ಮಾವ ನನ್ನ ಪಕ್ಕ ನಿಂತು, ರಸ್ತೆಯನ್ನೇ ನೋಡುತ್ತ ಹೇಳಿದರು.

"ನೋಡಿದ್ಯಾ? ಮಗು ಎತ್ತಿಕೊಂಡು ನಿಂತವರು ಬಸ್ಸಿನಲ್ಲಿ ಅಳುವುದಿಲ್ಲ. ಒಂದು ಕೈ ಸರಳಿಗೆ ಬೇಕು, ಒಂದು ಕೈ ಮಗುವಿಗೆ ಬೇಕು. ಕಣ್ಣು ಒರಸ್ಲಿಕ್ಕೆ ಮೂರನೇ ಕೈ ಎಲ್ಲಿಂದ ತರುವುದು?"

ನನಗೆ ಸಿಟ್ಟು ಬಂತು. ಇಷ್ಟು ಒಳ್ಳೆಯ ಮಾತು ನಾಲ್ಕು ವರ್ಷದಲ್ಲಿ ನನಗೆ ಒಂದೂ ಹೊಳೆದಿರಲಿಲ್ಲ. ಎಂಟು ಪುಟದ ಅಳು ಒಂದೂವರೆ ಪುಟಕ್ಕೆ ಇಳಿಯಿತು. ಅದರಲ್ಲಿ ವನಜ ಬೆಳ್ಮಣ್ಣಿನಲ್ಲಿ ಇಳಿಯುತ್ತಾಳೆ, ಕಾಯುತ್ತಾಳೆ, ಟಿಕೆಟು ತೆಗೆದುಕೊಳ್ಳುತ್ತಾಳೆ, ಸರಳು ಹಿಡಿಯುತ್ತಾಳೆ. ಅಳುವುದಿಲ್ಲ.

ಅದೇ ಸಂಜೆ ಮಾವ ನನ್ನನ್ನು ಕಾಪುವಿನ ದೀಪಸ್ತಂಭದ ಬಳಿಗೆ ಕರೆದುಕೊಂಡು ಹೋದರು. ನನ್ನ ನಾಲ್ಕನೆಯ ಅಧ್ಯಾಯದಲ್ಲಿ ಮದುವೆಗೆ ಮುಂಚೆ ವನಜ ಮತ್ತು ಅವಳ ಭಾವೀ ಪತಿ ದೀಪಸ್ತಂಭದ ತುದಿಯಲ್ಲಿ ಕೈಕೈ ಹಿಡಿದು ನಿಲ್ಲುತ್ತಾರೆ. ಸೂರ್ಯ ಮುಳುಗಿದ ಕಡಲಿನಿಂದಲೇ ಪೂರ್ಣಚಂದ್ರ ಮೇಲೇಳುತ್ತಾನೆ. ಅದು ನನಗೆ ಬಹಳ ಮೆಚ್ಚಿನ ವರ್ಣನೆ. ನಾವು ಕೆಳಗೆ ಬಂಡೆಯ ಮೇಲೆ ನಿಂತೆವು. ಸೂರ್ಯ ಕಡಲಿಗೆ ಇಳಿದ. ಜನ ಮೊಬೈಲ್ ಹಿಡಿದು ಅವನ ಫೋಟೋ ತೆಗೆದರು. ಮಾವ ನನ್ನ ಎರಡೂ ಭುಜ ಹಿಡಿದು, ಅಂಗಡಿಯಲ್ಲಿ ಬೊಂಬೆಯನ್ನು ತಿರುಗಿಸಿದ ಹಾಗೆ, ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದರು. ತೆಂಗಿನ ಮರಗಳ ಮೇಲೆ, ಶಿರ್ವದ ಕಡೆಯಿಂದ, ಚಂದ್ರ ಬಂದಿದ್ದ. ಕ್ಯಾಲೆಂಡರ್ ನೋಡಿಯೇ ಆದಿತ್ಯವಾರ ಗೊತ್ತುಮಾಡಿದ್ದರು ಈ ಮನುಷ್ಯ.

"ನಿನ್ನ ಚಂದ್ರ ಅರಬ್ಬೀ ಸಮುದ್ರದಿಂದ ಹುಟ್ಟಿದ್ದಾನೆ. ದುಬಾಯಿಯಿಂದ ಬಂದದ್ದಾ?"

ನಾನು ಬೆಳೆದದ್ದು ಇದೇ ಕಾಪುವಿನಲ್ಲಿ. ಮದುವೆಯಾಗಿ ಅಲೆವೂರಿಗೆ ಹೋಗುವವರೆಗೆ ಪ್ರತಿ ಹುಣ್ಣಿಮೆಗೂ ಈ ಚಂದ್ರ ನನ್ನ ಬೆನ್ನ ಹಿಂದೆಯೇ ಹುಟ್ಟಿದ್ದಾನೆ. ಕಣ್ಣಿನ ಅಂಗಡಿಯವಳಿಗೆ ಇದಕ್ಕಿಂತ ದೊಡ್ಡ ನಾಚಿಕೆ ಬೇಡ. ಮಾವ ಅಲ್ಲಿಗೆ ಬಿಡಲಿಲ್ಲ.

"ಮತ್ತೆ ಮದುವೆಗೆ ಮುಂಚೆ ಇವರು ಮೇಲೆ ಹತ್ತಿ ಕೈ ಹಿಡಿಯುವುದಂತೆ. ಯಾರು ಬಿಡ್ತಾರೆ? ನಮ್ಮ ಅಪ್ಪ ಅಕ್ಕನನ್ನು ಅಂಗಳದ ಆಚೆ—" ಎಂದವರು ಥಟ್ಟನೆ ನಿಲ್ಲಿಸಿದರು.

ಕಾದಂಬರಿಯ ವನಜ ಯಾರೆಂದು ನಾನು ಅವರಿಗೆ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಒಂದು ಅಲೆ ಬಂಡೆಗೆ ಹೊಡೆದು ನಮ್ಮ ಕಾಲನ್ನು ನೆನೆಸಿತು. ಮಾವ ಕೆಮ್ಮಿ, ಪಂಚೆ ಎತ್ತಿಕೊಂಡು, "ನಡಿ, ಆರು ಐವತ್ತರದ್ದು ತಪ್ತದೆ" ಎಂದರು.

ಅಲ್ಲಿಂದ ಮುಂದೆ ಅವರು ಸ್ಪೈರಲ್ ಬಿಚ್ಚಿ ಅಧ್ಯಾಯಗಳನ್ನು ಬೇರೆ ಬೇರೆ ಮಾಡಿದರು. ತಿದ್ದಿದ ಒಂದೊಂದನ್ನೂ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ, ಕಾರ್ಕಳದಲ್ಲಿ ಪರಿಚಯದ ಡ್ರೈವರರ ಕೈಗೆ ಕೊಟ್ಟು ಉಡುಪಿಗೆ ಕಳಿಸತೊಡಗಿದರು. ಬೆಳಿಗ್ಗೆ ಫೋನ್ ಬರುತ್ತಿತ್ತು. "ಹತ್ತು ಇಪ್ಪತ್ತಕ್ಕೆ ಉಡುಪಿಗೆ ಬರ್ತದೆ. ಡ್ರೈವರನ ಹತ್ತಿರ ಹದಿನಾಲ್ಕನೇ ಅಧ್ಯಾಯ ಉಂಟು." ನಾನು ಅಂಗಡಿಯಿಂದ ಓಡಿಹೋಗಿ ಡ್ರೈವರನ ಕಿಟಕಿಯ ಕೆಳಗೆ ನಿಂತು ಕೈಚಾಚುತ್ತಿದ್ದೆ. ಒಮ್ಮೆ ಡ್ರೈವರೊಬ್ಬರು ಪೊಟ್ಟಣವನ್ನು ಕೊಡುತ್ತ, "ಇವತ್ತಿನದ್ದು ನಾನೂ ಸ್ವಲ್ಪ ಓದಿದೆ ಅಕ್ಕ. ಆ ವನಜನ ಅತ್ತೆ ಹಾಗೆ ಮಾಡಬಾರದಿತ್ತು" ಎಂದರು. ನನ್ನ ಮೊದಲ ಓದುಗ. ಅವರಿಗೆ ಕಾಫಿ ಕುಡಿಸೋಣ ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಬಸ್ಸು ಹಾರ್ನ್ ಹಾಕಿತು.

ಅಧ್ಯಾಯಗಳ ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆಗಳು. 'ಮೀನಿನ ಬುಟ್ಟಿ ಹೊತ್ತವಳು ವೀಣೆಯನ್ನು ಎಲ್ಲಿ ಇಟ್ಟಳು?' 'ಇಲ್ಲಿ ಮಗಳಿಗೆ ಏಳು ವರ್ಷ, ಹಿಂದಿನ ಪುಟದಲ್ಲಿ ಒಂಬತ್ತು. ರಿವರ್ಸ್ ಹೋಗ್ತಾಳಾ?' 'ಇದರ ಅರ್ಥ ಗೊತ್ತಿಲ್ಲ. ನಿನಗೆ ಗೊತ್ತುಂಟಾ?' ಕೊನೆಯ ಪ್ರಶ್ನೆ ಮೂವತ್ತೇಳು ಜಾಗದಲ್ಲಿತ್ತು. ಇಪ್ಪತ್ತೊಂಬತ್ತು ಜಾಗದಲ್ಲಿ ನನಗೂ ಗೊತ್ತಿರಲಿಲ್ಲ. ವೀಣೆ ಹೋಯಿತು. ಸಂಸ್ಕೃತ ಹೋಯಿತು.

ಸಾರಾಂಶದ್ದು ಇನ್ನೊಂದು ಪಾಡು. ಒಂದು ಪುಟ ಎಂದಿದ್ದರು, ನಾನು ಹನ್ನೊಂದು ಪುಟ ಬರೆದೆ. ಕಡಿಮೆ ಮಾಡಿದರೆ ಹದಿಮೂರಾಯಿತು. ಮಾವನಿಗೆ ಓದಿ ಹೇಳಿದೆ. ಅವರು ಎರಡನೆಯ ಪುಟದಲ್ಲೇ ಕೈ ಎತ್ತಿದರು.

"ನಾನು ಮೈಕಿನಲ್ಲಿ ಎಂತ ಹೇಳ್ತಿದ್ದೆ? ಬಸ್ಸು ಎಲ್ಲಿಂದ ಎಲ್ಲಿಗೆ, ನಡುವೆ ಎಲ್ಲೆಲ್ಲಿ ನಿಲ್ತದೆ. ದಾರಿಯಲ್ಲಿ ಇರುವ ಮರದ ಹೆಸರು ಹೇಳ್ತಿದ್ದೆನಾ?"

ಅದೇ ಪ್ರಕಾರ ಬರೆದಾಗ ನಾಲ್ಕು ವರ್ಷದ ನನ್ನ ಶ್ರಮ ಆರು ವಾಕ್ಯದಲ್ಲಿ ಮುಗಿದದ್ದು ನೋಡಿ ನನಗೆ ಅವಮಾನವಾಯಿತು. ಆದರೆ ಓದಿದರೆ ಕಥೆ ಅರ್ಥವಾಗುತ್ತಿತ್ತು, ಅದು ಇನ್ನೂ ದೊಡ್ಡ ಅವಮಾನ.

ಭಾವಚಿತ್ರಕ್ಕೆ ಸ್ಟುಡಿಯೋಗೆ ಹೋಗಿ, ಲೇಖಕಿಯರು ಕೂರುವ ಹಾಗೆ ಕೆನ್ನೆಗೆ ಕೈ ಕೊಟ್ಟು, ದೂರ ದಿಗಂತ ನೋಡುತ್ತ ಕೂತು ತೆಗೆಸಿಕೊಂಡೆ. ದಿಗಂತದ ಜಾಗದಲ್ಲಿ ಸ್ಟುಡಿಯೋದವರ ಫ್ಯೂಸ್ ಬೋರ್ಡು ಇತ್ತು. ಮಾವನ ಮೊಬೈಲಿಗೆ ಕಳಿಸಿದೆ. ತಕ್ಷಣ ಫೋನ್ ಬಂತು. "ಹಲ್ಲುನೋವು ಯಾವಾಗಿನಿಂದ?" ಪುಸ್ತಕದ ಹೆಸರೂ ಉಳಿಯಲಿಲ್ಲ. ಬಸ್ಸಿನ ಬೋರ್ಡು ದೂರದಿಂದ ಓದಲಿಕ್ಕೆ ಆಗಬೇಕು, ಹತ್ತಿರ ಬಂದು ಕಂಡಕ್ಟರನನ್ನು ಕೇಳುವ ಹಾಗೆ ಇರಬಾರದು ಎಂಬುದು ಅವರ ಸಿದ್ಧಾಂತ. 'ನೀಲಾಂತರಂಗದ ನಿನಾದ' ಹೋಗಿ 'ವನಜಕ್ಕನ ಬುಟ್ಟಿ' ಆಯಿತು. ಈಗ ಇನ್ನೂರ ಮೂವತ್ತೊಂದು ಪುಟ.

ಇದನ್ನು ಬರೆಯುವ ಹೊತ್ತಿಗೆ ಅದು ಪ್ರಕಾಶಕರ ಬಳಿ ಇದೆ. ಆರು ತಿಂಗಳಲ್ಲಿ ತಿಳಿಸುತ್ತೇವೆ ಎಂದಿದ್ದಾರೆ. ಆರು ತಿಂಗಳು ಎಂದರೆ ಯಾವ ತಾರೀಕು, ಬೆಳಿಗ್ಗೆಯೋ ಮಧ್ಯಾಹ್ನವೋ ಎಂದು ಕೇಳಿ ಮಾವ ಅವರಿಗೆ ಒಂದು ಕಾರ್ಡು ಬರೆದಿದ್ದಾರೆ. ಇದರಿಂದ ನನ್ನ ಅವಕಾಶ ಹೆಚ್ಚಿತೋ ಕಡಿಮೆಯಾಯಿತೋ ಗೊತ್ತಿಲ್ಲ.

ಆದರೆ ಕಳಿಸುವ ಮೊದಲು ಒಂದು ಸಂಗತಿ ನಡೆಯಿತು. ಇಪ್ಪತ್ತೊಂದು ಅಧ್ಯಾಯಗಳು ಬಸ್ಸಿನಲ್ಲಿ ಬಂದವು. ಇಪ್ಪತ್ತೆರಡನೆಯದು ಬರಲಿಲ್ಲ. ವಾರ ಕಾದೆ. ಫೋನ್ ಮಾಡಿದರೆ "ಬರ್ತದೆ" ಎಂದರು. ಯಾವ ಬಸ್ಸು, ಎಷ್ಟು ಗಂಟೆಗೆ ಎಂದು ಹೇಳಲಿಲ್ಲ. ಅವರ ಬಾಯಿಯಿಂದ ಗಂಟೆಯಿಲ್ಲದ ಉತ್ತರ ನಾನು ಕೇಳಿದ್ದು ಅದೇ ಮೊದಲು. ಅಂಗಡಿಗೆ ಅರ್ಧ ದಿನ ರಜೆ ಹೇಳಿ ಕಾರ್ಕಳಕ್ಕೆ ಹೋದೆ.

ಮಾವನ ಹೆಂಡತಿ, ನನ್ನ ಅತ್ತೆ, ಕಾಫಿ ಕೊಟ್ಟು ಒಳಗೆ ಹೋದರು. ಅಧ್ಯಾಯ ಮೇಜಿನ ಮೇಲೆಯೇ ಇತ್ತು. ತಿರುವಿ ನೋಡಿದೆ. ಒಂದು ಕೆಂಪು ಗೆರೆಯೂ ಇರಲಿಲ್ಲ.

"ಇದರಲ್ಲಿ ತಪ್ಪು ಇಲ್ವಾ ಮಾವ?"

"ಉಂಟು."

"ಮತ್ತೆ ಯಾಕೆ ಗೆರೆ ಹಾಕಲಿಲ್ಲ?"

ಅವರು ಕನ್ನಡಕ ತೆಗೆದು ಒರಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಯ ಅಧ್ಯಾಯ ವನಜ ಆಸ್ಪತ್ರೆಯಲ್ಲಿ ತೀರಿಕೊಳ್ಳುವ ಅಧ್ಯಾಯ. ಅದರಲ್ಲಿ ಅವಳು ಮಗಳ ಕೈ ಹಿಡಿದು ಕಡಲು, ಅಲೆ, ಜನ್ಮ, ಋಣ ಎಂದು ಒಂದೂವರೆ ಪುಟ ಮಾತನಾಡಿ ಕಣ್ಣು ಮುಚ್ಚುತ್ತಾಳೆ.

"ಮೂಗಿಗೆ ಬಾಯಿಗೆ ಮಾಸ್ಕ್ ಹಾಕಿದ್ದರಲ್ವಾ" ಎಂದರು ಮಾವ. "ಒಂದೂವರೆ ಪುಟ ಹೇಗೆ ಮಾತಾಡ್ತಾಳೆ?"

ಆರು ವರ್ಷದ ಹಿಂದೆ ಮಣಿಪಾಲದಲ್ಲಿ ನಾನು ಅಮ್ಮನ ಹಾಸಿಗೆಯ ಪಕ್ಕ ನಾಲ್ಕು ದಿನ ಇದ್ದೆ. ಐದನೆಯ ದಿನ ಬೆಳಿಗ್ಗೆ ಮಾವ ಮೊದಲ ಬಸ್ಸಿಗೆ ಬಂದು, ನೀನು ಮನೆಗೆ ಹೋಗಿ ಮಿಂದು ಬಾ, ನಾನಿದ್ದೇನೆ ಎಂದು ಕಳಿಸಿದರು. ಅಲೆವೂರು ಎಷ್ಟು ದೂರ? ಮಿಂದು, ಒಂದು ತುತ್ತು ತಿಂದು, ಬಟ್ಟೆ ಹಿಡಿದುಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಒಂದೂವರೆ ಗಂಟೆಯಲ್ಲಿ ಏನಾಯಿತೆಂದು ನಾನು ಮಾವನನ್ನು ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ. ಕೇಳದೆ ಬಿಟ್ಟ ಜಾಗವನ್ನು ಅಲೆಗಳಿಂದ ತುಂಬಿಸಿದ್ದೆ.

"ಮಾತಾಡಿದಳಾ ಮಾವ?"

"ಮಾಸ್ಕ್ ತೆಗಿ ಅಂತ ಕೈಯಲ್ಲಿ ತೋರಿಸಿದಳು. ನಾನು ನರ್ಸಿಗೆ ಹೇಳದೆ ಸ್ವಲ್ಪ ಎತ್ತಿದೆ." ಅವರು ಮೇಜಿನ ಅಂಚನ್ನು ಹಿಡಿದುಕೊಂಡರು. "ಮಗಳು ಅಂಗಡಿಯಲ್ಲಿ ಇಡೀ ದಿನ ನಿಂತೇ ಇರುವುದು, ಸಂಜೆ ಕಾಲು ಊದಿಕೊಳ್ತದೆ. ಕೂರ್ಲಿಕ್ಕೆ ಒಂದು ಸ್ಟೂಲು ಇಡ್ಲಿಕ್ಕೆ ಅವಳ ಧಣಿಗೆ ಹೇಳು ಅಂದಳು. ಫೋನಿನಲ್ಲಿ ಬೇಡ, ನೀನೇ ಹೋಗಿ ಹೇಳು ಅಂದಳು. ಅಷ್ಟೇ. ಮತ್ತೆ ಮಾತಿಲ್ಲ."

ಅಂಗಡಿಯ ಕೌಂಟರಿನ ಹಿಂದೆ ನನಗೊಂದು ಎತ್ತರದ ಸ್ಟೂಲು ಇದೆ. ಮೇಲೆ ಕೆಂಪು ರೆಕ್ಸಿನ್ನಿನ ಮೆತ್ತೆ. ಅಮ್ಮನ ಉತ್ತರಕ್ರಿಯೆ ಮುಗಿಸಿ ನಾನು ಕೆಲಸಕ್ಕೆ ಮರಳಿದ ದಿನ ಅದು ಅಲ್ಲಿತ್ತು. ನನ್ನ ದುಃಖ ನೋಡಿ ಧಣಿಯ ಮನಸ್ಸು ಕರಗಿತೆಂದು ನಾನು ತಿಳಿದಿದ್ದೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅದರ ಮೇಲೆ ಕೂತೇ ಅರ್ಧ ಕಾದಂಬರಿ ಬರೆದದ್ದು.

"ನೀವು ಹೋಗಿ ಹೇಳಿದ್ದಾ?"

"ಹೇಳಿದೆ. ನೋಡುವಾ ಅಂದರು. ನೋಡುವಾ ಅಂದರೆ ಆಗುವುದಿಲ್ಲ ಅಂತ ನನಗೆ ಗೊತ್ತುಂಟು. ಕೌಂಟರಿನ ಎತ್ತರ ಅಳೆದುಕೊಂಡು ಬಂದು, ಇಲ್ಲಿ ಆಚಾರಿಯ ಹತ್ತಿರ ಮಾಡಿಸಿ, ಬಸ್ಸಿನ ಮೇಲೆ ಹಾಕಿ ತಂದು ಕೊಟ್ಟೆ."

"ಇಷ್ಟು ವರ್ಷ ನನಗೆ ಹೇಳಲಿಲ್ಲ."

"ನೀನು ಕೇಳಲಿಲ್ಲ."

ನಾನು ಅವರ ಕೆಂಪು ಪೆನ್ನನ್ನೇ ತೆಗೆದುಕೊಂಡು ಒಂದೂವರೆ ಪುಟವನ್ನು ಹೊಡೆದುಹಾಕಿದೆ. ಹಾಳೆಯ ಹಿಂಬದಿಯಲ್ಲಿ, ಅಮ್ಮ ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಬರೆದೆ. ನಾಲ್ಕು ಸಾಲಾಯಿತು. ಗಟ್ಟಿಯಾಗಿ ಓದಿದೆ. ಮಾವ ಕಣ್ಣು ಮುಚ್ಚಿ ಕೇಳಿದರು.

"ಇನ್ನೊಮ್ಮೆ ಓದು" ಎಂದರು.

ಓದಿದೆ.

"ಇನ್ನೊಮ್ಮೆ."

ಮೂರನೆಯ ಸಲ ನನ್ನಿಂದ ಆಗಲಿಲ್ಲ. ಮಾವ ಹಾಳೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ತಾವೇ ಓದಿದರು.